ಅಳಸಿಂಗಯ್ಯನವರ ಹುಳಿ

"ನಾನು ಸೌಟು ಕೆಳಗಿಟ್ಟರೆ ನವಿಲುಗಡವೇ ಉಪವಾಸ!"

ನವಿಲುಗಡದ ಅರಮನೆಯ ಬಾಣಸಿಗ ಅಳಸಿಂಗಯ್ಯನಿಗೆ ದಿನಕ್ಕೊಮ್ಮೆಯಾದರೂ ಈ ಮಾತು ಹೇಳದಿದ್ದರೆ ಉಂಡದ್ದು ಅರಗುತ್ತಿರಲಿಲ್ಲ. ಮಾತು ಸುಳ್ಳೂ ಅಲ್ಲ. ಸಾವಿರ ಎಲೆಗೆ ಹುಳಿ ಮಾಡುವ ಹದ ಅವನೊಬ್ಬನಿಗೇ ಗೊತ್ತು. ಮಸಾಲೆ ಹುರಿಯುವಾಗ, ಉಪ್ಪು ಹಾಕುವಾಗ ಒಲೆಯ ಸುತ್ತ ಪರದೆ ಇಳಿಬಿಡುತ್ತಿದ್ದ. ಕೈಕೆಳಗಿನವರು ತರಕಾರಿ ಹೆಚ್ಚಿ ಹೆಚ್ಚಿ ತಲೆ ನರೆತರೂ ಪರದೆಯ ಒಳಗೇನು ನಡೆಯುತ್ತದೆಂದು ಕಂಡವರಲ್ಲ.

ಅಷ್ಟರಲ್ಲಿ ರಾಜಕುಮಾರಿಯ ಮದುವೆ ಬಂತು. ಹೆಣ್ಣಿನ ಕಡೆಯವರಿಗೆ ಅರಮನೆಯಲ್ಲಿ ಊಟ, ಗಂಡಿನ ಕಡೆಯವರಿಗೆ ಹೊಳೆಯಾಚೆಯ ಬಿಡಾರದಲ್ಲಿ. ಒಲೆ ಎರಡು ಕಡೆ, ಅಳಸಿಂಗಯ್ಯ ಒಬ್ಬ.

"ನಿನ್ನ ಕೈಕೆಳಗಿನವರಿಗೆ ಕಲಿಸಿಬಿಡಯ್ಯ," ಎಂದ ದೊರೆ ಕೆಂಚರಸ.

"ಕಲಿಸೋಣ, ಮಹಾಸ್ವಾಮಿ. ನನ್ನ ಅಳಿಯನನ್ನು ದಳವಾಯಿ ಮಾಡಿ."

ಆ ಅಳಿಯನೋ, ಕುದುರೆ ಸೀನಿದರೆ ಮಾವನ ಬೆನ್ನ ಹಿಂದೆ ಅಡಗುವ ಆಸಾಮಿ.

"ಬೇರೇನಾದರೂ ಕೇಳು."

"ಬೇರೆ ಯಾರನ್ನಾದರೂ ಕರೆದು ಅಡುಗೆ ಮಾಡಿಸಿ."

ದೊರೆಗೆ ರೇಗಿತು. "ಹುಳಿಯಲ್ಲಿ ಏನಯ್ಯಾ ಮಹಾ ಇದೆ? ಬೇಳೆ, ನೀರು, ಬೆಂಕಿ! ನಾನೇ ಹೇಳಿಕೊಡುತ್ತೇನೆ!"

ಮಂತ್ರಿಗಳೆಲ್ಲ ನೆಲ ನೋಡಿದರು. ಯಾರ ಕೆಲಸವಾದರೂ ಅವರಿಗಿಂತ ತನಗೇ ಚೆನ್ನಾಗಿ ಗೊತ್ತೆಂದು ದೊರೆ ನಂಬಿದ್ದ. ಹಿಂದೊಮ್ಮೆ ಮಾವುತನಿಗೆ ಆನೆ ಕೂರಿಸುವುದನ್ನು ಹೇಳಿಕೊಡಲು ಹೋಗಿ ಕೆರೆಯಲ್ಲಿ ಬಿದ್ದಿದ್ದ.

ನೆಲ ನೋಡದವಳು ಉಗ್ರಾಣದ ಮಲ್ಲಾಜಮ್ಮ ಒಬ್ಬಳೇ. ಕಸ ಗುಡಿಸಲು ಅರಮನೆಗೆ ಬಂದವಳು, ಮೂಟೆಗಳ ಮೇಲಿನ ಗುರುತು ನೋಡುತ್ತ ನೋಡುತ್ತ ಅಕ್ಷರ ಕಲಿತಳು. ಈಗ ಉಗ್ರಾಣದ ಬೀಗದ ಕೈಗಳೆಲ್ಲ ಅವಳ ಸೊಂಟದಲ್ಲಿ. ಯಾರೂ ದಾನ ಕೊಟ್ಟದ್ದಲ್ಲವೆಂದು ಎಲ್ಲರಿಗೂ ತಿಳಿಯಲಿ ಎಂದೇ ನಡೆಯುವಾಗ ಜಣಜಣ ಸದ್ದು ಮಾಡಿಸುತ್ತಿದ್ದಳು.

"ನನಗೆ ಬಿಡಿ, ಬುದ್ಧಿ. ಅಯ್ಯನವರು ಕಲಿಸುತ್ತಾರೆ. ನಾವು ಕೇಳುವುದೇ ಬೇಡ."

"ಕಲಿಸದಿದ್ದರೆ?" ಅಳಸಿಂಗಯ್ಯ ಹುಬ್ಬೇರಿಸಿದ.

"ಈ ಬೀಗದ ಕೈ ನಿಮ್ಮ ಅಳಿಯನಿಗೆ."

"ಆಗಬಹುದು!" ಎಂದುಬಿಟ್ಟ ದೊರೆ. ಆಡಿದ ಮಾತು ಹಿಂದೆ ತೆಗೆಯುವ ಜಾಯಮಾನ ಮಲ್ಲಾಜಮ್ಮನದಲ್ಲ.

ಮರುದಿನ ಬೆಳಿಗ್ಗೆ ಅಡುಗೆಮನೆಯ ಅಂಗಳದಲ್ಲಿ ದೊಡ್ಡ ಕೊಪ್ಪರಿಗೆ ಒಲೆಯೇರಿತು. ಎದುರು ಜಗಲಿಯಲ್ಲಿ ಅಳಸಿಂಗಯ್ಯ ಕಾಲಮೇಲೆ ಕಾಲು ಹಾಕಿಕೊಂಡು ಎಲೆಯಡಿಕೆ ಮೆಲ್ಲುತ್ತಿದ್ದ.

"ಯಾರೂ ಅಯ್ಯನವರನ್ನು ಏನೂ ಕೇಳಕೂಡದು," ಎಂದು ಮಲ್ಲಾಜಮ್ಮ ಅಡುಗೆಯವರ ಕಿವಿಯಲ್ಲಿ ಹೇಳಿದಳು. "ನಾನು ಹೇಳಿದ್ದಕ್ಕೆಲ್ಲ ತಲೆಯಾಡಿಸಿ, ಸಾಕು." ಆಮೇಲೆ ದನಿ ಎತ್ತರಿಸಿದಳು. "ನೋಡ್ರಪ್ಪಾ, ಬೇಳೆ ಹಸಿಯಾಗಿರುವಾಗಲೇ ಹುಣಸೆರಸ ಸುರಿದುಬಿಡಿ!"

ಜಗಲಿಯ ಮೇಲೆ ಮೆಲ್ಲುವುದು ನಿಂತಿತು. "ಸುರಿ, ಸುರಿ! ಬೇಳೆ ಮುಂದಿನ ಯುಗಾದಿಗೆ ಬೇಯುತ್ತೆ!"

ಅಡುಗೆಯವರು ಹುಣಸೆರಸ ಪಕ್ಕಕ್ಕಿಟ್ಟರು. ಮಲ್ಲಾಜಮ್ಮ ಕೇಳಿಸದವಳಂತೆ ಮುಂದುವರಿದಳು. "ಇನ್ನು ಮಸಾಲೆ. ಕೊತ್ತಂಬರಿ ಬೀಜ, ಮೆಣಸಿನಕಾಯಿ, ಮೆಂತ್ಯ, ಎಲ್ಲ ಒಟ್ಟಿಗೆ, ಜೋರು ಉರಿಯಲ್ಲಿ."

"ಮೆಂತ್ಯ ಸೀದು ಕಷಾಯವಾಗುತ್ತಲ್ಲೇ! ಒಂದೊಂದನ್ನೇ ಬೇರೆ ಬೇರೆ ಹುರೀಬೇಕು. ಮೆಂತ್ಯ ಕೆಂಪಗಾಗುವ ಮೊದಲೇ ಇಳಿಸ್ಬೇಕು!"

ಅಡುಗೆಯವರು ಬೇರೆ ಬೇರೆಯಾಗಿ ಹುರಿದರು. ಕೆಂಪಗಾಗುವ ಮೊದಲೇ ಇಳಿಸಿದರು.

ಅಳಸಿಂಗಯ್ಯ ತಟ್ಟನೆ ತುಟಿ ಕಚ್ಚಿಕೊಂಡ. ಎಲೆಯಡಿಕೆ ಉಗಿದು ಎದ್ದ. "ಹಾಳಾಗಿಹೋಗಿ, ನನಗೇನು!" ಎಂದು ಪಂಚೆ ಕೊಡವಿ ಹೊರಟೇಬಿಟ್ಟ.

ಉಪ್ಪಿನ ಗುಟ್ಟು ಇನ್ನೂ ಬಾಕಿ. ಮಲ್ಲಾಜಮ್ಮನ ಕೈ ತಾನಾಗಿ ಸೊಂಟ ಮುಟ್ಟಿತು. ಅಳಸಿಂಗಯ್ಯ ಬಾಗಿಲು ದಾಟುವಷ್ಟರಲ್ಲಿ ಅವಳು ಕೂಗಿದಳು:

"ಬಡಿಸುವಾಗ ನೆನಪಿರಲಿ, ಇದು ನನ್ನ ಹುಳಿಯಲ್ಲ! ಬೀಗರು ಕೇಳಿದರೆ 'ಅಳಸಿಂಗಯ್ಯನವರ ಹುಳಿ' ಅಂತಲೇ ಹೇಳಿ!"

ಬಾಗಿಲಲ್ಲಿ ಹೆಜ್ಜೆ ನಿಂತಿತು.

"ಉಪ್ಪಿನದೇನು ಮಹಾ, ಎಲ್ಲರೂ ಒಂದೊಂದು ಸೌಟು ರುಚಿ ನೋಡಿ ಹಾಕಿದರಾಯಿತು," ಎಂದಳು ಮಲ್ಲಾಜಮ್ಮ.

"ಏನಂದೆ?" ಅಳಸಿಂಗಯ್ಯ ಓಡಿ ಬಂದ. "ದೇವರ ನೈವೇದ್ಯಕ್ಕೆ ಮುಂಚೆ ಎಂಜಲು ಮಾಡ್ತೀಯಾ? ನನ್ನ ಹೆಸರಲ್ಲಿ?"

"ಹಾಗಾದರೆ ಕಣ್ಣು ಮುಚ್ಚಿಕೊಂಡು ಎರಡು ಮೊರ ಸುರಿಯೋದು."

"ತಾ ಇಲ್ಲಿ!" ಸೌಟು ಕಿತ್ತುಕೊಂಡ. "ಉಪ್ಪು ನೋಡೋದು ನಾಲಿಗೆಯಲ್ಲಲ್ಲ ಕಣ್ರೋ, ಮೂಗಲ್ಲಿ! ಬನ್ನಿ ಹತ್ತಿರ. ಈ ಹಬೆ ಮೂಸಿ. ಹಸಿ ಹಸಿ ಅನ್ನಲ್ವಾ? ಈಗ ಒಂದು ಬೊಗಸೆ... ಕುದಿಯಲಿ... ಈಗ ಮೂಸಿ. ಹುಣಸೆಯ ಘಾಟು ತಗ್ಗಿ ಬೇಳೆಯ ಕಂಪು ಎದ್ದಿತಾ? ಅಲ್ಲಿಗೆ ನಿಲ್ಲಿಸು. ಏಯ್ ತಿರುಮಲ, ನೀನು ಹಾಕು. ಅಷ್ಟಲ್ಲ, ದಡ್ಡ! ಹಾಂ, ಹಾಗೆ. ಈಗ ನೀನು."

ಎಲ್ಲರ ಕೈಯೂ ಹದಕ್ಕೆ ಬರುವವರೆಗೂ ಬೈದ. ಕೊನೆಗೆ ಬೆವರು ಒರೆಸಿಕೊಂಡು ಸುತ್ತ ನೋಡಿದ. ಪರದೆ ಗೂಟದಲ್ಲಿ ಮಡಿಸಿಟ್ಟಂತೆಯೇ ಇತ್ತು.

ಮದುವೆಯಲ್ಲಿ ಎರಡು ದಡದಲ್ಲೂ ಒಂದೇ ರುಚಿಯ ಹುಳಿ. ಬೀಗರು ಎಲೆಯ ಮೇಲೆ ಏನೂ ಬಿಡಲಿಲ್ಲ.

ಮಾರನೆಯ ದಿನ ಅಳಸಿಂಗಯ್ಯ ಆಸ್ಥಾನಕ್ಕೆ ದೂರು ತಂದ. "ಮಹಾಸ್ವಾಮಿ, ಈ ಹೆಂಗಸು ನನ್ನ ವಿದ್ಯೆ ಕದ್ದಳು!"

"ಕದ್ದೆಯೇನಮ್ಮ?"

"ಇಲ್ಲ ಬುದ್ಧಿ. ನಾನು ಹೇಳಿಕೊಟ್ಟದ್ದು ನನ್ನ ತಪ್ಪುಗಳನ್ನು ಮಾತ್ರ. ಸರಿಯಾದದ್ದನ್ನೆಲ್ಲ ಅಯ್ಯನವರೇ ಎದ್ದು ಬಂದು ಕೊಟ್ಟರು. ಅಷ್ಟು ಚೆನ್ನಾಗಿ ಕಲಿಸುವವರನ್ನು ಬರೀ ಬಾಣಸಿಗರಾಗಿ ಇಟ್ಟರೆ ಹೇಗೆ? ಅಡುಗೆ ಗುರುಗಳ ಪೀಠ ಕೊಡಿ."

ಬೈಯಲು ಬಾಯಿ ತೆರೆದಿದ್ದ ಅಳಸಿಂಗಯ್ಯ, ಪೀಠವೆಂದದ್ದು ಕೇಳಿ ಮೆಲ್ಲಗೆ ಮುಚ್ಚಿಕೊಂಡ.

"ಕೊಟ್ಟೆವು," ಎಂದ ದೊರೆ. "ಆದರೆ ಮಲ್ಲಾಜಮ್ಮ, ನಮ್ಮ ಕುದುರೆ ವೈದ್ಯ, ಕಮ್ಮಾರ, ಮಾವುತ, ಎಲ್ಲರೂ ಹೀಗೇ ಗುಟ್ಟು ಹಿಡಿದು ಕೂತವರೇ. ಅಲ್ಲೆಲ್ಲ ತಪ್ಪು ಹೇಳಿಕೊಡುತ್ತಾ ಹೋಗಲು ನಿನಗೆ ಬಿಡುವೆಲ್ಲಿ?"

ಮಲ್ಲಾಜಮ್ಮ ಸೊಂಟದ ಬೀಗದ ಕೈಗಳನ್ನು ಜಣಜಣ ಅನ್ನಿಸಿ ಕೈಮುಗಿದಳು.

"ನಾನೇಕೆ ಬುದ್ಧಿ? ದಿನಕ್ಕೊಂದು ಕಡೆ ತಾವೇ ದಯಮಾಡಿಸಿ, ಅವರವರ ಕೆಲಸ ಹೇಗೆ ಮಾಡಬೇಕೆಂದು ಅಪ್ಪಣೆ ಕೊಡಿಸಿ. ನಾನಾದರೆ ತಪ್ಪನ್ನು ಯೋಚಿಸಿ ಹೇಳಬೇಕು. ತಮಗೆ ಆ ಶ್ರಮವೂ ಇರುವುದಿಲ್ಲ."

ಮಂತ್ರಿಗಳೆಲ್ಲ ಮತ್ತೆ ನೆಲ ನೋಡಿದರು. ದೊರೆ ಸಿಂಹಾಸನದ ಮೇಲೇ ಹೊಟ್ಟೆ ಹಿಡಿದುಕೊಂಡು ನಗತೊಡಗಿದ. ಕಣ್ಣೊರೆಸಿಕೊಂಡು, ಕೈಯ ಕಡಗ ಬಿಚ್ಚಿ ಅವಳ ಕಡೆ ಚಾಚಿ ಹೇಳಿದ:

"ಮಾವುತನನ್ನು ಕರೆಯಿರಿ, ಮೊದಲ ಪಾಠ ಅವನಿಗೇ. ಕೆರೆಯಲ್ಲಿ ಮಾತ್ರ ಬೇಡ."