ಮೂತಿಗೊಂದು ಹಗ್ಗ, ಬಾಲಕ್ಕೊಂದು

ಹೊಳೆ ಸಮುದ್ರ ಸೇರುವ ಮುಂಚೆ ಅಗಲವಾಗಿ ನಿಧಾನವಾಗುವ ಕಡೆ ಹೊನ್ನಪ್ಪ ಮಾಸ್ತರರ ತಗಡಿನ ಶೆಡ್ಡು ಇತ್ತು. ಅದರೊಳಗೆ ದೋಣಿಗಳು, ಹುಟ್ಟುಗಳು, ಒಂದು ಮಂಚ.

ಅವರು ಶಾಲೆಯ ಮಾಸ್ತರರಲ್ಲ. ಬಂದವರಿಗೆ ಹುಟ್ಟು ಹಾಕುವುದನ್ನು ಕಲಿಸುತ್ತಿದ್ದರು. ಅದಕ್ಕೇ ಸುತ್ತಲಿನವರು ಮಾಸ್ತರ ಎನ್ನುತ್ತಿದ್ದರು. ಕಲಿಯಲು ಬಂದವರು ಕಲಿತು ಹೋಗುತ್ತಿದ್ದರು. ಮಾಸ್ತರರು ಒಬ್ಬರೇ ಉಳಿಯುತ್ತಿದ್ದರು.

ನೀಲಾಂಬಿಕೆ ಹುಬ್ಬಳ್ಳಿಯವಳು. ಅಲ್ಲಿಯ ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ತೆಗೆಯುತ್ತಿದ್ದಳು. ಹಾಸಿಗೆ ಹಿಡಿದ ತಾಯಿಯನ್ನು ವರ್ಷಗಟ್ಟಲೆ ನೋಡಿಕೊಂಡಳು. ತಾಯಿ ತೀರಿಕೊಂಡ ಮೇಲೆ ಸಮಾಧಾನ ಹೇಳಲು ಬಂದವರ ಮಾತು ಅವಳಿಗೆ ತಡೆಯಲಾಗಲಿಲ್ಲ. ಫೋನ್ ಎತ್ತುವುದನ್ನು ಬಿಟ್ಟಳು. ಆಮೇಲೆ ಕೆಲಸವನ್ನೂ ಬಿಟ್ಟಳು.

ಹಳೆಯ ಜೀಪೊಂದನ್ನು ಕೊಂಡಳು. ಒಬ್ಬರೇ ಕೂರುವಂಥ ಉದ್ದನೆಯ ಕಯಾಕ್ ದೋಣಿಯೊಂದನ್ನು ಕೊಂಡಳು. ಅದೇ ಅಂಗಡಿಯಲ್ಲಿ ಇಬ್ಬರು ಕೂರುವ ದೋಣಿಯೂ ಇತ್ತು. ಅದರ ಕಡೆ ಅವಳು ನೋಡಲಿಲ್ಲ.

ದೋಣಿಯನ್ನು ಅಂಗಡಿಯವರೇ ಜೀಪಿನ ಮೇಲೆ ಕಟ್ಟಿಕೊಟ್ಟರು. ಘಟ್ಟ ಇಳಿದು ಮಾಸ್ತರರ ಹತ್ತಿರ ಬಂದಳು.

ಮಳೆಗಾಲ ಮುಗಿದಾಗ ಬಂದವಳು ಬೇಸಿಗೆಯವರೆಗೂ ಕಲಿತಳು. ಮಗುಚಿದರೆ ಎದ್ದು ಬರುವುದನ್ನು ಕಲಿತಳು. ಸಮುದ್ರದ ಭರತಕ್ಕೆ ಎದುರಾಗಿ ಹೋಗುವುದನ್ನು ಕಲಿತಳು. ಮಾಸ್ತರರು ಹೆಚ್ಚು ಮಾತಾಡುತ್ತಿರಲಿಲ್ಲ. ಅವಳಿಗೂ ಅದೇ ಬೇಕಾಗಿತ್ತು.

ಒಂದು ದಿನ ಕೇಳಿದಳು.

"ಮಾಸ್ತರ್ರೀ, ಬ್ಯಾರೆ ಹೊಳಿ ನೋಡಬೇಕಂತ ಮನಸ್ಸಾಗೇತಿ. ಒಬ್ಬಾಕೀನ ಹೋಗಲೇನ್ರಿ?"

ಮಾಸ್ತರರು ಅವಳ ಜೀಪಿನ ಕಡೆ ನೋಡಿದರು.

"ದೋಣಿ ಮೇಲೆ ಕಟ್ಟು," ಎಂದರು.

ನೀಲಾ ದೋಣಿಯನ್ನು ಜೀಪಿನ ಹಿಂಬದಿಗೆ ಆನಿಸಿ, ತಳ್ಳಿ, ಕ್ಯಾರಿಯರಿನ ಮೇಲೆ ಏರಿಸಿದಳು. ನಡುವಿಗೆ ಅಡ್ಡಲಾಗಿ ಎರಡು ಬೆಲ್ಟ್ ಹಾಕಿ ಎಳೆದಳು.

ಮಾಸ್ತರರು ಬಂದು ದೋಣಿಯ ಮೂತಿ ಹಿಡಿದು ಅಲ್ಲಾಡಿಸಿದರು. ದೋಣಿ ಆಚೆಗೊಮ್ಮೆ ಈಚೆಗೊಮ್ಮೆ ಹೊರಳಿತು.

"ಬಿಚ್ಚು," ಎಂದರು.

ಅವಳು ಬಿಚ್ಚಿ ಮತ್ತೆ ಕಟ್ಟಿದಳು. ಈ ಸಲ ಜೀಪಿನ ಟಯರಿಗೆ ಕಾಲು ಕೊಟ್ಟು, ಇದ್ದ ಬಲವನ್ನೆಲ್ಲ ಹಾಕಿ ಎಳೆದಳು. ಬೆಲ್ಟ್ ಬಿದ್ದಲ್ಲಿ ದೋಣಿಯ ಮೈ ಒಳಕ್ಕೆ ಹೋಯಿತು.

ಮಾಸ್ತರರು ಆ ತಗ್ಗಿನ ಮೇಲೆ ಬೆರಳಾಡಿಸಿದರು.

"ಕಟ್ಟು ಅಂದೆ. ಕತ್ತು ಹಿಸುಕು ಅಂದೆನಾ? ಬಿಚ್ಚು."

ಮರುದಿನ ಮತ್ತೆ ಕಟ್ಟಿದಳು. ಮಾಸ್ತರರು ಮತ್ತೆ ಅಲ್ಲಾಡಿಸಿದರು.

"ಮೂತಿಗೆ ಹಗ್ಗ ಇಲ್ಲ. ಬಾಲಕ್ಕೆ ಹಗ್ಗ ಇಲ್ಲ," ಎಂದರು.

"ಎರಡು ಬೆಲ್ಟ್ ಸಾಲಂಗಿಲ್ಲೇನ್ರಿ?"

"ದೋಣಿಗೆ ಸಾಕು. ಗಾಳಿಗೆ ಸಾಲದು."

ನೀಲಾಳಿಗೆ ಸಿಟ್ಟು ಬಂತು.

"ನಾ ಹೊಳಿ ಕಲಿಯಾಕ ಬಂದೀನ್ರಿ, ಗಂಟು ಕಲಿಯಾಕಲ್ಲ. ಬಿದ್ರ ನನ್ನ ದೋಣಿ ಬೀಳ್ತೈತಿ. ಯಾರಿಗೇನು?"

"ಹಿಂದೆ ಯಾರಿರ್ತಾರೆ?"

"ನನ್ನ ಹಿಂದ ಯಾರೂ ಇಲ್ರಿ," ಎಂದಳು.

ಮಾಸ್ತರರು ಶೆಡ್ಡಿನೊಳಗೆ ಹೋದರು.

ಮರುದಿನ ಬೆಳಗಾಗುವಾಗ ಅವಳು ಹೇಳದೆ ಹೊರಟಳು. ನಡುವಿಗೆ ಎರಡು ಬೆಲ್ಟ್ ಅಷ್ಟೇ. ಮಾಸ್ತರರು ಆಗಲೇ ನೀರಿನ ಮೇಲಿದ್ದರು. ದೂರದಲ್ಲಿ ಅವರ ಬೆನ್ನು ಕಾಣುತ್ತಿತ್ತು. ಕೂಗಿದ್ದರೆ ಕೇಳಿಸುತ್ತಿತ್ತು. ಅವಳು ಕೂಗಲಿಲ್ಲ.

ದೊಡ್ಡ ರಸ್ತೆಗೆ ಬಂದು ಸೇತುವೆ ಹತ್ತಿದಳು. ಸಮುದ್ರದ ಕಡೆಯಿಂದ ಗಾಳಿ ಅಡ್ಡ ಬೀಸುತ್ತಿತ್ತು. ತಲೆಯ ಮೇಲೆ ಬೆಲ್ಟುಗಳು ಗುಂಯ್ ಎನ್ನತೊಡಗಿದವು. ಅವಳು ಕಿಟಕಿಯ ಗಾಜು ಏರಿಸಿದಳು. ಸದ್ದು ಕಡಿಮೆಯಾಯಿತು.

ಬಾನೆಟ್ಟಿನ ಮೇಲೆ ಬಿದ್ದಿದ್ದ ದೋಣಿಯ ನೆರಳು ಮೆಲ್ಲಗೆ ಓರೆಯಾಯಿತು. ಮೂತಿ ಮೇಲೆದ್ದಿತು. ಫಟ್ ಎಂದು ಬೆಲ್ಟೊಂದು ಕಳಚಿತು.

ಕನ್ನಡಿಯಲ್ಲಿ ನೋಡಿದಳು. ದೋಣಿ ರಸ್ತೆಗೆ ಬಿದ್ದು ಅಡ್ಡಡ್ಡ ಜಾರುತ್ತಿತ್ತು. ಅದರ ಎದುರಿಗೆ, ಹಿಂದೆ ಮೀನಿನ ಬುಟ್ಟಿ ಕಟ್ಟಿಕೊಂಡ ಒಂದು ಮೊಪೆಡ್ ಬರುತ್ತಿತ್ತು.

ಮೊಪೆಡ್ಡಿನವನು ಹ್ಯಾಂಡಲ್ ತಿರುಗಿಸಿದ. ಗಾಡಿ ಸೇತುವೆಯ ಕಟ್ಟೆಗೆ ಬಡಿಯಿತು. ದೋಣಿ ಅವನ ಪಕ್ಕದಲ್ಲೇ ಹಾದುಹೋಯಿತು.

ನೀಲಾ ಜೀಪು ನಿಲ್ಲಿಸಿ ಓಡಿದಳು. ಮೊಪೆಡ್ಡಿನವನು ಟಾರಿನ ಮೇಲೆ ಕೂತಿದ್ದ. ಎರಡೂ ಅಂಗೈ ತಿರುಗಿಸಿ ನೋಡಿಕೊಂಡ. ಆಮೇಲೆ ಮೊಣಕಾಲು ನೋಡಿದ. ಆಮೇಲೆ ಚೆಲ್ಲಿದ ಮೀನು ನೋಡಿದ.

"ನಿಮ್ದಾ ಅಕ್ಕೋರೆ, ಈ ದೋಣಿ?"

"ಹೌದ್ರಿ."

"ಮತ್ತೆ ನೋಡ್ತಾ ನಿಂತ್ರೆ ಎಂತ? ಮೀನು ಎತ್ತಿ. ಲಾರಿ ಹಾಯ್ತದೆ."

ಅವಳು ಹುಟ್ಟಿದ್ದು ಮೀನು ಮುಟ್ಟದ ಮನೆಯಲ್ಲಿ. ಬಾಗಿ, ಎರಡೂ ಕೈಯಿಂದ ಬಾಚಿ ಬುಟ್ಟಿಗೆ ತುಂಬಿದಳು. ಅವನ ಮೊಣಕಾಲಿನ ರಕ್ತ ಚಪ್ಪಲಿಯವರೆಗೆ ಇಳಿದಿತ್ತು.

"ದವಾಖಾನಿಗೆ ಹೋಗೂಣ್ರಿ," ಎಂದಳು.

"ಮೊದ್ಲು ದೋಣಿ ತೆಗೀಬೇಕು. ಇಲ್ದಿದ್ರೆ ಇನ್ನೊಬ್ಬ ಬೀಳ್ತಾನೆ."

ಅವನು ಕುಂಟುತ್ತ ಬಂದು ದೋಣಿಯ ಒಂದು ತುದಿ ಎತ್ತಿದ. ಅವಳು ಇನ್ನೊಂದು ತುದಿ ಎತ್ತಿದಳು. ಕ್ಯಾರಿಯರಿನ ಮೇಲಿಟ್ಟ ಮೇಲೆ ಅವನು ಜೀಪಿನ ಆಚೆ ಬದಿಗೆ ಹೋಗಿ ನಿಂತ.

"ಬೆಲ್ಟ್ ಎಸೀರಿ ಈಚೆಗೆ."

ಅವಳು ಎಸೆದಳು. ಅವನು ಹಿಡಿದು ಕಟ್ಟಿದ. ಆ ಕಾಲಿನಲ್ಲಿ ಮೊಪೆಡ್ ಓಡಿಸಲು ಅವನಿಂದ ಆಗಲಿಲ್ಲ. ಗಾಡಿಯನ್ನು ಕಟ್ಟೆಗೆ ಒರಗಿಸಿ, ಜೀಪಿನಲ್ಲಿ ಅವಳ ಪಕ್ಕದಲ್ಲಿ ಕೂತ. ಅವಳು ನಡೆಯುವಷ್ಟು ಮೆಲ್ಲಗೆ ಜೀಪು ಬಿಟ್ಟಳು.

ಪೇಟೆಯ ದವಾಖಾನೆಯಲ್ಲಿ ಕಾಲಿಗೆ ಹೊಲಿಗೆ ಹಾಕಿದರು. ಎಕ್ಸ್‌ರೇ ತೆಗೆದರು. ನೀಲಾ ಅದನ್ನು ಕೈಗೆ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದು ತಾನೇ ನೋಡಿದಳು. ಮೂಳೆ ಮುರಿದಿರಲಿಲ್ಲ. ಅಷ್ಟರಲ್ಲಿ ಅವನ ಕಡೆಯವರು ಬಂದು ಕರೆದುಕೊಂಡು ಹೋದರು.

ಅವಳು ಮಾಸ್ತರರ ಶೆಡ್ಡಿಗೆ ವಾಪಸ್ ಬಂದಳು.

ದೋಣಿಯ ಒಂದು ಮಗ್ಗುಲು ಉದ್ದಕ್ಕೂ ಕೆರೆದುಹೋಗಿತ್ತು. ಮಾಸ್ತರರು ಅದನ್ನು ನೋಡಿದರು. ದೋಣಿಯ ಮಾತು ತೆಗೆಯಲಿಲ್ಲ.

"ಹಿಂದೆ ಯಾರಿದ್ರು?"

"ಮೀನು ಮಾರೋರೊಬ್ರು. ಕಾಲಿಗೆ ಹೊಲಿಗಿ ಬಿದ್ದಾವ್ರಿ."

"ಹೆಸರು?"

"ಕೇಳಲಿಲ್ರಿ."

"ಎಕ್ಸ್‌ರೇ ತೆಗೆದ್ರಾ?"

"ಹೌದ್ರಿ. ನಾನ ನೋಡೀನಿ."

"ಹೆಸರು ಅದರ ಮೇಲೇ ಇರ್ತದಲ್ದಾ?"

ಅವಳು ತಲೆ ತಗ್ಗಿಸಿದಳು.

"ಮೂಳಿ ನೋಡಿದ್ನಿರಿ," ಎಂದಳು.

"ಹೋಗು. ಹೆಸರು ಕೇಳಿಕೊಂಡು ಬಾ."

ಮರುದಿನ ಮೀನುಪೇಟೆಯಲ್ಲಿ ವಿಚಾರಿಸುತ್ತ ವಿಚಾರಿಸುತ್ತ ಅವನ ಮನೆ ಹುಡುಕಿದಳು. ಮನೆ ತುಂಬ ಜನ. ನೆರೆಯವರು ನೋಡಲು ಬಂದಿದ್ದರು. ಒಳಗೆಲ್ಲೋ ಟಿವಿ ಕೂಗುತ್ತಿತ್ತು. ಅವನು ಬೆಂಚಿನ ಮೇಲೆ ಕಾಲು ಚಾಚಿ ಕೂತಿದ್ದ.

ಬಾಗಿಲಲ್ಲಿ ಅವನ ಹೆಂಡತಿ ನಿಂತಿದ್ದಳು.

"ದೋಣಿಯವರು ನೀವೇಯಾ?"

"ಹೌದ್ರಿ."

"ಇವರ ತಲೆ ಮೇಲೆ ಬಿದ್ದಿದ್ರೆ ಎಂತ ಮಾಡ್ತಿದ್ರಿ?"

ನೀಲಾ ಬೆಂಚಿನ ಮೇಲಿನ ಕಾಲಿನ ಕಡೆ ನೋಡಿದಳು.

"ಎಂತ ಮಾಡ್ತಿದ್ರಿ? ಹೇಳಿ."

"ಗೊತ್ತಿಲ್ರಿ," ಎಂದಳು. "ಹೆಸರು ಕೇಳಾಕ ಬಂದೀನ್ರಿ."

ಹೆಂಡತಿ ಅವಳನ್ನೇ ನೋಡಿದಳು. ಬೆಂಚಿನ ಮೇಲಿದ್ದವನು ನಕ್ಕುಬಿಟ್ಟ.

"ಜುಜೆ," ಎಂದ. "ಇವಳು ನತಾಲಿನ್. ಬನ್ನಿ ಅಕ್ಕೋರೆ, ಒಳಗೆ ಬನ್ನಿ."

ನತಾಲಿನಳ ಸಿಟ್ಟು ಇಳಿದಿರಲಿಲ್ಲ. ಸಿಟ್ಟಿನಲ್ಲೇ ಅವಲಕ್ಕಿಗೆ ಬೆಲ್ಲ, ಕಾಯಿತುರಿ ಕಲಸಿ ತಂದು ಮುಂದಿಟ್ಟಳು. ಎದುರಿಗೇ ಕೂತಳು.

"ಮನೆಯಲ್ಲಿ ಯಾರ್ಯಾರಿದ್ದಾರೆ?"

"ಅವ್ವ ಇದ್ಲು," ಎಂದಳು ನೀಲಾ.

ಹೀಗೆ ಅವಳು ಯಾರ ಮುಂದೆಯೂ ಹೇಳಿರಲಿಲ್ಲ. ಹೇಳಿದ ಮೇಲೆ ಅವಲಕ್ಕಿಯಿಂದ ಕೈ ತೆಗೆದಳು.

ನತಾಲಿನ್ ಸಮಾಧಾನ ಹೇಳಲಿಲ್ಲ. ಟಿವಿ ಆರಿಸಲು ಒಳಗೆ ಕೂಗಿ ಹೇಳಿದಳು. ನೀರಿನ ಲೋಟವನ್ನು ಹತ್ತಿರ ಸರಿಸಿದಳು.

ವಾಪಸ್ ಬರುವಾಗ ಸೇತುವೆಯ ಮೇಲೆ ನೀಲಾ ಮತ್ತೆ ಮತ್ತೆ ಕನ್ನಡಿ ನೋಡಿದಳು. ಒಂದು ಬಸ್ಸು ಬಂತು. ಮಗುವನ್ನು ನಡುವೆ ಕೂರಿಸಿಕೊಂಡ ಬೈಕೊಂದು ಬಂತು. ಹುಲ್ಲು ಹೇರಿಕೊಂಡ ಸೈಕಲ್ಲಿನವನೊಬ್ಬ ಗಾಳಿಗೆ ತಲೆ ಬಾಗಿಸಿ ತುಳಿಯುತ್ತಿದ್ದ.

ಮಾಸ್ತರರು ಶೆಡ್ಡಿನ ಮುಂದೆ ಕೂತಿದ್ದರು.

"ಜುಜೆ," ಎಂದಳು. "ಹೆಂಡ್ತಿ ಹೆಸರು ನತಾಲಿನ್."

ಮಾಸ್ತರರು ಎದ್ದರು. ಬೆಲ್ಟುಗಳನ್ನೂ ಹಗ್ಗಗಳನ್ನೂ ತಂದರು.

ಮೊದಲು ಬರೀ ಕ್ಯಾರಿಯರನ್ನು ಹಿಡಿದು ಅಲ್ಲಾಡಿಸಿದರು. ಅದೇ ಸಡಿಲವಾಗಿತ್ತು. ಪಾನಾ ತಂದು ನಟ್ಟುಗಳನ್ನು ಒಂದೊಂದಾಗಿ ಬಿಗಿದರು. ಹಳೆಯ ಟ್ಯೂಬಿನ ತುಂಡುಗಳನ್ನು ಹಾಸಿ, ದೋಣಿಯನ್ನು ಬೋರಲಾಗಿ ಇಡಿಸಿದರು. ಬೆಲ್ಟಿಗೆ ಒಂದು ತಿರುವು ಕೊಟ್ಟರು.

"ತಿರುವು ಯಾಕ್ರಿ?"

"ಚಪ್ಪಟೆ ಇದ್ರೆ ಗಾಳಿಗೆ ಬಡ್ಕೊಳ್ತದೆ. ಬಡ್ಕೊಂಡು ಬಡ್ಕೊಂಡು ಸಡಿಲ ಆಗ್ತದೆ."

ಬೆಲ್ಟಿನ ತುದಿಯನ್ನು ದೋಣಿಯ ಮೇಲಿಂದ ಆಚೆ ಬದಿಗೆ ಎಸೆದರು. ಎಸೆದು, ಇದ್ದಲ್ಲೇ ನಿಂತರು. ಸ್ವಲ್ಪ ಹೊತ್ತಿನ ಮೇಲೆ ಜೀಪು ಸುತ್ತಿಕೊಂಡು ಆಚೆ ಹೋಗಿ ತಾವೇ ಎತ್ತಿಕೊಂಡರು.

ನೀಲಾ ನೋಡಿದಳು.

"ಆ ಕಡಿ ಯಾರು ನಿಂದ್ರತಿದ್ರು ಮಾಸ್ತರ್ರೀ?"

"ಸುಕ್ರಿ."

"ಯಾರ್ರಿ?"

"ಹೆಂಡ್ತಿ."

ಹೊಳೆಯಲ್ಲಿ ನೀರು ಇಳಿಯುತ್ತಿತ್ತು. ದಡದ ಕೆಸರು ಕಾಣತೊಡಗಿತ್ತು.

"ಹೋಗಿ ಭಾಳ ದಿನಾ ಆತೇನ್ರಿ?"

"ಹೌದು. ಕೈಗೆ ಇನ್ನೂ ಗೊತ್ತಾಗಲಿಲ್ಲ."

ಎರಡನೆಯ ಬೆಲ್ಟ್ ಹಾಕುವಾಗ ನೀಲಾ ಆಚೆ ಬದಿಗೆ ಹೋಗಿ ನಿಂತಳು. ಮಾಸ್ತರರು ಎಸೆದರು. ಅವಳು ಹಿಡಿದಳು.

ಆಮೇಲೆ ಮೂತಿಯಿಂದ ಮುಂದಿನ ಬಂಪರಿನ ಕೊಂಡಿಗೆ ಒಂದು ಹಗ್ಗ. ಬಾಲದಿಂದ ಹಿಂದಿನ ಕೊಂಡಿಗೆ ಒಂದು ಹಗ್ಗ. ಉಳಿದ ತುದಿಗಳು ಗಾಳಿಗೆ ಹಾರದ ಹಾಗೆ ಸುತ್ತಿ ಸಿಕ್ಕಿಸಿದರು.

ಎಲ್ಲ ಮುಗಿಯಿತು. ಮಾಸ್ತರರು ಒಂದು ಗಳಿಗೆ ನೋಡಿದರು. ಆಮೇಲೆ ಎಲ್ಲವನ್ನೂ ಬಿಚ್ಚಿ ಅವಳ ಕೈಗೆ ಕೊಟ್ಟರು.

"ಈಗ ನೀನು. ಒಬ್ಬಳೇ."

ಅವಳು ಕಟ್ಟಿದಳು. ಈಚೆಯಿಂದ ಎಸೆಯುವುದು, ಸುತ್ತಿಕೊಂಡು ಆಚೆ ಹೋಗುವುದು, ಎತ್ತಿ ಕಟ್ಟುವುದು, ಮತ್ತೆ ಈಚೆ ಬರುವುದು. ಬಿಸಿಲು ಏರಿತು. ಮಾಸ್ತರರು ಸಹಾಯಕ್ಕೆ ಬರಲಿಲ್ಲ. ಎದ್ದು ಹೋಗಲೂ ಇಲ್ಲ.

ಕೊನೆಗೆ ಅವರು ಮೂತಿ ಹಿಡಿದು ಅಲ್ಲಾಡಿಸಿದರು. ದೋಣಿ ಹೊರಳಲಿಲ್ಲ. ಇಡೀ ಜೀಪು ಅಲ್ಲಾಡಿತು.

ಮಾಸ್ತರರು ಕೈ ಬಿಟ್ಟರು. ಬಿಚ್ಚು ಅನ್ನಲಿಲ್ಲ.

ನೀಲಾಳ ಕಣ್ಣು ತುಂಬಿತು. ಹೊರಡುವ ಹೊತ್ತು ಬಂತೆಂದು ಅವಳಿಗೆ ತಿಳಿಯಿತು.

"ನೀವೂ ಬರ್ರಲಾ ಮಾಸ್ತರ್ರೀ. ನಾಕು ದಿನಾ ಇದ್ದು ಬರೂಣಂತ."

"ಇಲ್ಲಿ ದೋಣಿ ನೋಡ್ಕೊಳ್ಬೇಕಲ್ಲ."

ದೋಣಿಗಳು ಶೆಡ್ಡಿನಲ್ಲಿ ಬೀಗದೊಳಗಿದ್ದವು. ಅವಳು ಒತ್ತಾಯ ಮಾಡಲಿಲ್ಲ. ಬಾಗಿ ಕಾಲು ಮುಟ್ಟಿದಳು. ಜೀಪು ಹತ್ತಿ ಚಾಲೂ ಮಾಡಿದಳು.

ಮಾಸ್ತರರು ಬಾಗಿಲ ಹತ್ತಿರ ಬಂದರು.

"ಸ್ವಲ್ಪ ದೂರ ಹೋದ ಮೇಲೆ ಬದಿಗೆ ನಿಲ್ಲಿಸು. ಇಳಿದು ಬೆಲ್ಟು, ಹಗ್ಗ ಎಲ್ಲ ಮುಟ್ಟಿ ನೋಡು."

"ಬಿಗಿ ಇದ್ರ?"

"ಬಿಗಿ ಇದ್ರೂ ಆಮೇಲೆ ಮತ್ತೆ ನಿಲ್ಲಿಸು. ದಾರಿಯಲ್ಲಿ ನಿಲ್ಲಿಸ್ತಾ ನಿಲ್ಲಿಸ್ತಾ ಹೋಗು."

"ಹಂಗ್ಯಾಕ್ರಿ?"

ಮಾಸ್ತರರು ಬಾಗಿಲ ಮೇಲಿಟ್ಟಿದ್ದ ಕೈ ತೆಗೆದರು.

"ಬದಿಗೆ ನಿಂತ ಜೀಪು ಕಂಡ್ರೆ ಹಿಂದೆ ಬಂದವರು ಯಾರಾದ್ರೂ ನಿಲ್ಲಿಸಿ, ಎಂತಾಯ್ತು ಅಂತ ಕೇಳ್ತಾರೆ. ಏನೂ ಆಗಲಿಲ್ಲ ಅನ್ನಬೇಡ, ತಂಗಿ. ನಿನಗೆ ಆದದ್ದು ಹೇಳು."