ಕೆಂಪಳಿವೆಯ ಒಕ್ಕಣ್ಣಗುಡಿ

ಕೆಂಪಳಿವೆಯಲ್ಲಿ ಹೊಳೆ ಕಡಲನ್ನು ಸೇರುವ ಕಡೆ, ಬಡಗು ದಂಡೆಯ ಕರಿಬಂಡೆಯ ಮೇಲೆ, ಮೂರು ನೆಲೆಯ ಮರದ ಪಗೋಡವೊಂದು ನಿಂತಿದೆ. ಊರವರು ಇದನ್ನು ಒಕ್ಕಣ್ಣಗುಡಿ ಎನ್ನುತ್ತಾರೆ. ಹೆಸರು ಕೇಳಿ ಬಂದ ಪರವೂರಿನವರು ಒಳಗೆ ಒಂಟಿ ಕಣ್ಣಿನ ರಾಕ್ಷಸನಾದರೂ ಇರಬಹುದೆಂದು ಇಣುಕುತ್ತಾರೆ. ಎರಡೂ ಕಣ್ಣು ಅರೆಮುಚ್ಚಿ ಕುಳಿತ ಪುಟ್ಟ ಕಂಚಿನ ಬುದ್ಧನನ್ನು ಕಂಡು ತುಸು ನಿರಾಶರಾಗುತ್ತಾರೆ. ಶಿಲ್ಪಶಾಸ್ತ್ರ ಬಲ್ಲವರ ಪಾಡು ಇನ್ನೂ ಕಷ್ಟ. ಸೂರಿನ ಮೂಲೆಗಳು ಮೇಲಕ್ಕೆ ಬಾಗಿರುವುದನ್ನು ನೋಡಿ ಒಬ್ಬರು ಚೀನಾ ಎಂದರೆ ಇನ್ನೊಬ್ಬರು ನೇಪಾಳ ಎಂದು ಪಟ್ಟು ಹಿಡಿಯುತ್ತಾರೆ. ಇಡೀ ಕಟ್ಟಡದಲ್ಲಿ ಒಂದು ಮೊಳೆಯಿಲ್ಲ. ಹಲಗೆಗೆ ಹಲಗೆಯನ್ನು ತೆಂಗಿನ ನಾರಿನ ಹುರಿಯಿಂದ ಹೊಲಿದಿದ್ದಾರೆ. ಕೆಳಗಿನ ನೆಲೆಗೆ ಬಾಗಿಲೂ ಇಲ್ಲ; ಏಣಿ ಹತ್ತಿ, ಅಂಚು ದಾಟಿ, ಒಳಕ್ಕೆ ಇಳಿಯಬೇಕು. ನನ್ನನ್ನು ಕೇಳಿದವರಿಗೆ ನಾನು ಹೇಳುವುದಿಷ್ಟೆ: ಇದು ಚೀನಾದ್ದೂ ಅಲ್ಲ, ನೇಪಾಳದ್ದೂ ಅಲ್ಲ, ನಮ್ಮ ದೂಮ ಆಚಾರಿಯದು. ಅಷ್ಟಕ್ಕೆ ಅವರು ಸಮಾಧಾನಪಡುವುದಿಲ್ಲವಾದ್ದರಿಂದ ಪೂರ್ತಿ ಕತೆ ಹೇಳಬೇಕಾಗುತ್ತದೆ.

ಹಿಂದೆ ಒಮ್ಮೆ, ಈ ಕರಾವಳಿಯಲ್ಲಿ ಬುದ್ಧನ ಹೆಸರು ಹೇಳುವವರು ಇನ್ನೂ ಅಲ್ಲಲ್ಲಿ ಇದ್ದ ಕಾಲದಲ್ಲಿ, ಸೀವಲಿ ಎಂಬ ವೃದ್ಧ ಭಿಕ್ಷು ಸಿಂಹಳದಿಂದ ವ್ಯಾಪಾರಿಗಳ ಹಡಗು ಹತ್ತಿ ಹೊರಟರಂತೆ. ಅವರು ಹೋಗಬೇಕಾಗಿದ್ದುದು ಇನ್ನೂ ಬಡಗಣ ಯಾವುದೋ ದೊಡ್ಡ ವಿಹಾರಕ್ಕೆ. ಆದರೆ ಕಡಲು ಅವರಿಗೆ ಒಗ್ಗಲಿಲ್ಲ. ದಡ ಬಿಟ್ಟಂದಿನಿಂದ ಹಡಗಿನ ಅಂಚಿಗೆ ಜೋತುಬಿದ್ದು, ಹೊಟ್ಟೆಯಲ್ಲಿದ್ದುದನ್ನೆಲ್ಲ ಕಡಲಿಗೆ ದಾನ ಮಾಡುತ್ತ ಬಂದರು. ಹಡಗು ಸಿಹಿನೀರು ತುಂಬಿಕೊಳ್ಳಲು ಕೆಂಪಳಿವೆಯಲ್ಲಿ ನಿಂತಾಗ ಕಂಚಿನ ಬುದ್ಧನನ್ನು ಬಗಲಲ್ಲಿಟ್ಟುಕೊಂಡು ಇಳಿದವರು ಮತ್ತೆ ಹತ್ತಲಿಲ್ಲ. ಒಂದು ಹಿಡಿ ಮರಳು ಎತ್ತಿಕೊಂಡು, ಊರವರೆಲ್ಲ ನೋಡುತ್ತಿರುವಂತೆ, "ಇನ್ನು ಈ ಜನ್ಮದಲ್ಲಿ ದೋಣಿ ಹತ್ತೆನು" ಎಂದು ಪ್ರತಿಜ್ಞೆ ಮಾಡಿದರು. ಪ್ರತಿಜ್ಞೆ ಮುರಿದ ಭಿಕ್ಷು ತನ್ನ ಗುರುವಿನ ಎದುರಿಗೇ ಹೋಗಿ ತಪ್ಪೊಪ್ಪಿಕೊಳ್ಳಬೇಕೆಂಬುದು ಅವರ ಸಂಘದ ಕಟ್ಟಳೆ. ಗುರುವಿದ್ದುದು ಸಿಂಹಳದಲ್ಲಿ. ಅಲ್ಲಿಗೆ ನಡೆದುಹೋಗುವ ದಾರಿಯಿಲ್ಲ. ಹೀಗಾಗಿ ಲೋಕದಲ್ಲಿ ಯಾರು ಯಾವ ಪ್ರತಿಜ್ಞೆ ಮುರಿದರೂ ಸೀವಲಿ ಭಿಕ್ಷುಗಳು ಇದನ್ನು ಮುರಿಯುವಂತಿರಲಿಲ್ಲ.

ಬುದ್ಧನನ್ನು ಕೂರಿಸಲು ಒಂದು ಪಗೋಡ ಬೇಕಾಯಿತು. ಮೀನುಗಾರರ ಮುಖಂಡನಾದ ಗುರಿಕಾರ ಹೆರಿಯಣ್ಣ ಮರ ಕೊಡಿಸಲು ಒಪ್ಪಿದ. ಕಟ್ಟುವವರು ಯಾರು? ಕೆಂಪಳಿವೆಯಲ್ಲಿ ಮರಗೆಲಸ ಬಲ್ಲವನೆಂದರೆ ದೂಮ ಆಚಾರಿ, ಅವನು ಹುಟ್ಟಿದಂದಿನಿಂದ ದೋಣಿಯ ಹೊರತು ಬೇರೇನನ್ನೂ ಕಟ್ಟಿದವನಲ್ಲ. ಅವನು ಮಾಡಿದ ತೊಟ್ಟಿಲನ್ನು ಸಹ ಮಗು ಇಳಿದ ಮೇಲೆ ಕಡಲಿಗಿಳಿಸಿ ಬಲೆ ಹಾಕಲು ಬಳಸಬಹುದಾಗಿತ್ತಂತೆ. ಭಿಕ್ಷುಗಳು ಮರಳಿನ ಮೇಲೆ ಕೋಲಿನಿಂದ ಮೂರು ನೆಲೆಯ ಪಗೋಡದ ಚಿತ್ರ ಬರೆದು ತೋರಿಸಿದರು. ದೂಮ ಆಚಾರಿ ಅದರ ಸುತ್ತ ತಿರುಗಿ, ಎದುರಿನಿಂದ ನೋಡಿ, ತಲೆ ಕೆಳಗೆ ಮಾಡಿಯೂ ನೋಡಿ, "ಇಷ್ಟೇ ಅಲ್ದಾ? ಒಂದರ ಮೇಲೊಂದು ದೋಣಿ ಕವುಚಿ ಹಾಕ್ರೆ ಆಯ್ತ್" ಎಂದ. ಭಿಕ್ಷುಗಳು ಅದನ್ನು ಉಪಮೆಯೆಂದುಕೊಂಡು ತಲೆದೂಗಿದರು. ಅವರು ಹಾಕಿದ ಷರತ್ತು ಒಂದೇ: ಒಳಗೆ ಒಂದು ಹನಿಯೂ ನೀರು ಬರಕೂಡದು. ನೀರಿನ ಮೇಲೆ ಅವರಿಗೆ ಅಷ್ಟು ಜಿಗುಪ್ಸೆ. ದೂಮ ಆಚಾರಿಗೆ ಈ ಷರತ್ತು ಮಾತ್ರ ಚೆನ್ನಾಗಿ ಅರ್ಥವಾಯಿತು. ಅವನು ಕೆಳಗಿನ ನೆಲೆಗೆ ದೋಣಿಯಂತೆಯೇ ಅಡಿಮರ ಹಾಕಿ, ಎರಡು ಬದಿಗೂ ಪಕ್ಕೆಲುಬು ಕೂರಿಸಿ, ಹಲಗೆ ಹೊಲಿದು, ಸಂದಿಗೆಲ್ಲ ನಾರು ಗಿಡಿದು, ರಾಳವನ್ನೂ ಮೀನೆಣ್ಣೆಯನ್ನೂ ಬಳಿದ. ಜಾಗವನ್ನೂ ಅವನೇ ಆರಿಸಿದ, ಭರತದ, ಎಂದರೆ ಕಡಲುಬ್ಬರದ, ನೀರು ಬಂದು ಮುಟ್ಟುವ ಮರಳಿನ ಮೇಲೆ.

"ಕೆಳಗೆ ಬಾಗಿಲೇಕೆ ಇಟ್ಟಿಲ್ಲ, ಆಚಾರಿ?" ಎಂದು ಭಿಕ್ಷುಗಳು ಕೇಳಿದರು.

"ಬಾಗ್ಲ್ ಇಟ್ರೆ ನೀರ್ ಬತ್ತಿಲ್ಯಾ?"

"ಇಲ್ಲಿಗೆ ನೀರು ಎಲ್ಲಿಂದ ಬರುತ್ತದೆ?"

ದೂಮ ಆಚಾರಿ ಕಡಲನ್ನು ನೋಡಿದ, ಭಿಕ್ಷುಗಳನ್ನು ನೋಡಿದ, ಪಾಪ, ಹಿರಿಯರು ಎಂದುಕೊಂಡು ಮತ್ತೆ ಹಲಗೆ ಹೊಲಿಯತೊಡಗಿದ.

ವೈಶಾಖದ ಹುಣ್ಣಿಮೆಯಂದು ಬುದ್ಧನ ಪ್ರತಿಷ್ಠೆ. ಬೆಳಗ್ಗೆಯೇ ಭಿಕ್ಷುಗಳು ಏಣಿ ಹತ್ತಿ ಒಳಗೆ ಕುಳಿತರು. ಆಮೇಲೆ ದೂಮ ಆಚಾರಿ ಸ್ನಾನ ಮಾಡಿ ಬಂದು, ಕಟ್ಟಡದ ಕಡಲ ಬದಿಯ ಹಲಗೆಯ ಮೇಲೆ ಸುಣ್ಣ ಮತ್ತು ಕಾಡಿಗೆಯಿಂದ ಎರಡು ದೊಡ್ಡ ಕಣ್ಣು ಬರೆದ. ಹಾಗೆ ಬರೆಯಬೇಕೆಂದು ಯಾರೂ ಹೇಳಿರಲಿಲ್ಲ, ಬರೆಯುತ್ತಿದ್ದೇನೆಂದು ಅವನಿಗೂ ಹೊಳೆಯಲಿಲ್ಲ. ಕೆಲಸ ಮುಗಿದ ದಿನ ಕಣ್ಣು ಬರೆಯುವುದು ಅವನ ಕೈಯ ರೂಢಿ. ನಮ್ಮ ಕಡಲ ಜನರಲ್ಲಿ ಕಣ್ಣು ಬರೆಯುವವರೆಗೆ ಅದು ಬರೀ ಮರ, ಬರೆದ ಮೇಲೆ ದೋಣಿ. ಹಳೆಯ ದೋಣಿಯನ್ನು ಒಡೆದು ಸೌದೆ ಮಾಡುವ ಮುನ್ನ ಕಣ್ಣು ಕೆರೆದು ತೆಗೆದರೆ ಮತ್ತೆ ಮರ. ಭಿಕ್ಷುಗಳು ಅಂಚಿನಿಂದ ಬಗ್ಗಿ ನೋಡಿ ಹಿಗ್ಗಿದರು. ಅವರ ನಾಡಿನಲ್ಲೂ ಬುದ್ಧನ ಮೂರ್ತಿಗೆ ಕಟ್ಟಕಡೆಗೆ ಕಣ್ಣು ತೆರೆಸುವ ವಿಧಿಯುಂಟು. ಈ ಊರಿನವರು ಕಟ್ಟಡಕ್ಕೂ ಅದನ್ನು ಮಾಡುತ್ತಾರಲ್ಲ, ಎಂಥ ಭಕ್ತಿ ಎಂದುಕೊಂಡರು.

ಮಧ್ಯಾಹ್ನ ಗಾಳಿ ತಿರುಗಿತು. ಹುಣ್ಣಿಮೆಯ ಭರತ, ಅದರ ಮೇಲೆ ಮಳೆಗಾಲಕ್ಕೆ ಮುಂಚಿನ ತುಫಾನು. ಹೆರಿಯಣ್ಣ ಮತ್ತು ಅವನ ಬಳಗದವರ ದೋಣಿಗಳು ಇನ್ನೂ ಕಡಲಿನಲ್ಲೇ ಇದ್ದವು. ಹೆಂಗಸರು ದಂಡೆಗೆ ಓಡಿಬಂದು ನೋಡುತ್ತಿದ್ದಂತೆ ತೆರೆಯೊಂದು ಪಗೋಡದ ಅಡಿಗೆ ನುಗ್ಗಿ, ಮೂರು ನೆಲೆಯನ್ನೂ, ಬುದ್ಧನನ್ನೂ, ಭಿಕ್ಷುಗಳನ್ನೂ, ಉರಿಯುತ್ತಿದ್ದ ದೀಪವನ್ನೂ ಹೂವಿನಂತೆ ಎತ್ತಿಕೊಂಡು ಹೋಯಿತು. ಎಲ್ಲರೂ ಎದೆ ಬಡಿದುಕೊಂಡು ಅತ್ತರು. ದೂಮ ಆಚಾರಿ ಒಬ್ಬ ಮಾತ್ರ ಮೊಣಕಾಲು ನೀರಿನಲ್ಲಿ ಕುಣಿಯುತ್ತಿದ್ದ: "ಕಾಣಿ ಮಾರಾಯ್ರೆ, ಕಾಣಿ! ಒಂದ್ ಚೂರೂ ವಾಲ್ತಿಲ್ಲೆ!" ಅವನ ಹೆಂಡತಿ ಅವನ ಬೆನ್ನಿಗೆ ಗುದ್ದಿದಳು. ಅವನಿಗೆ ಅದು ತಿಳಿಯಲೂ ಇಲ್ಲ.

ಅಳಿವೆಯ ಆಚೆ ಹೆರಿಯಣ್ಣನ ಬಳಗದ ದೋಣಿಗಳು ನೀರು ತುಂಬಿ ಒಂದೊಂದಾಗಿ ಮುಳುಗುತ್ತಿದ್ದವು. ಆಗ ಮಬ್ಬಿನೊಳಗಿಂದ ಎರಡು ಬಿಳಿ ಕಣ್ಣು ಅರಳಿಸಿಕೊಂಡು ಒಂದು ಗುಡಿ ತಮ್ಮತ್ತಲೇ ಬರುವುದನ್ನು ಅವರು ಕಂಡರು. ಅದರ ಅಂಚಿನಲ್ಲಿ ಒಬ್ಬ ಮುದುಕರು ಜೋತುಬಿದ್ದು ವಾಂತಿ ಮಾಡುತ್ತಿದ್ದರು. ವಾಂತಿಯ ನಡುವೆ ಬಿಡುವಾದಾಗಲೆಲ್ಲ ಕೈ ಚಾಚಿ ಒಬ್ಬೊಬ್ಬರನ್ನೇ ಒಳಗೆಳೆದುಕೊಂಡರು. ಯಾರೂ ಸಾಯಲಿಲ್ಲ. ಸಂಜೆಯ ಹೊತ್ತಿಗೆ ಗಾಳಿ ಇಳಿದು, ತೆರೆಗಳು ಪಗೋಡವನ್ನು ತಂದು ಈ ಕರಿಬಂಡೆಯ ಮೇಲೆ ನೆಟ್ಟಗೆ ಕೂರಿಸಿದವು.

ಊರವರು ತಂದಿಟ್ಟ ಏಣಿಯಿಂದ ಎಲ್ಲರೂ ಇಳಿದರು, ಭಿಕ್ಷುಗಳು ಇಳಿಯಲಿಲ್ಲ. ಅವರು ಭಿಕ್ಷಾಪಾತ್ರೆಯನ್ನು ಹೊದ್ದ ಚೀವರದ ಸೆರಗಿನಲ್ಲಿ ಕಟ್ಟಿಕೊಂಡು ಕುಳಿತಿದ್ದರು. "ನಾನು ದೋಣಿ ಹತ್ತಿದೆ. ಸಿಂಹಳಕ್ಕೆ ಹೋಗಬೇಕು. ಹಡಗು ಬಂದಾಗ ಕರೆಯಿರಿ" ಎಂದರು. ಮುಖ ಬಾಳೆದಿಂಡಿನಂತೆ ಬಿಳಿಚಿತ್ತು. ಇನ್ನೊಮ್ಮೆ ಕಡಲಿಗೆ ಹೋದರೆ ಈ ಜೀವ ಮರಳಿ ಬರುವುದಿಲ್ಲವೆಂದು ಎಲ್ಲರಿಗೂ ತಿಳಿದಿತ್ತು. ಬೆಳಗ್ಗೆ ನಡೆದುದನ್ನೆಲ್ಲ ದಂಡೆಯವರಿಂದ ಕೇಳಿ ತಿಳಿದ ಹೆರಿಯಣ್ಣ ಬಂಡೆಯ ಕೆಳಗೆ ನಿಂತು ವಾದ ಹೂಡಿದ: "ಬೆಳಗ್ಗೆ ನೀವ್ ಹತ್ತುವಾಗ ಕಣ್ಣ್ ಇರ್ಲಿಲ್ಲೆ, ಅದ್ ಗುಡಿ. ಈಗ ಇಳಿಯುವಾಗ್ಲೂ ಗುಡಿ ಆದ್ರೆ ನೀವ್ ದೋಣಿ ಹತ್ತಿದ್ದೂ ಇಲ್ಲೆ, ಇಳ್ದದ್ದೂ ಇಲ್ಲೆ."

ಭಿಕ್ಷುಗಳಿಗೆ ಆ ವಾದದಲ್ಲಿ ತಪ್ಪು ಕಾಣಲಿಲ್ಲ. "ಇದು ಗುಡಿಯೋ ದೋಣಿಯೋ, ಕಟ್ಟಿದವನು ಹೇಳಲಿ. ಆದರೆ ನನಗಾಗಿ ಸುಳ್ಳು ಹೇಳಬಾರದು" ಎಂದರು.

ಎಲ್ಲರೂ ದೂಮ ಆಚಾರಿಯ ಕಡೆ ತಿರುಗಿದರು. ಅಪ್ಪನೂ ಅಜ್ಜನೂ ಕಟ್ಟಲಾರದ ದೋಣಿ ತನ್ನ ಕೈಯಿಂದ ಆಯಿತೆಂದು ಆಗಷ್ಟೇ ದಂಡೆಯುದ್ದಕ್ಕೂ ಸಾರಿಕೊಂಡು ಬಂದಿದ್ದವನು ಅವನು. "ದೋಣಿಯೇ ಭಂತೇ. ಕಣ್ಣ್ ಬರ್ದಿದೆ, ಸುಳ್ಳ್ ಹೇಳೂಕೆ ಆತಿಲ್ಲೆ" ಎಂದ. ಆಮೇಲೆ ಸೊಂಟದಿಂದ ಉಳಿ ತೆಗೆದುಕೊಂಡು, ಬಂಡೆ ಹತ್ತಿ, ಎಡಗಣ್ಣನ್ನು ಕೆರೆಯತೊಡಗಿದ. ಜೀವವಿದ್ದ ದೋಣಿಯ ಕಣ್ಣನ್ನು, ಅದೂ ಹುಟ್ಟಿದ ದಿನವೇ, ಯಾವ ಆಚಾರಿಯೂ ಕೆರೆದದ್ದಿಲ್ಲ. ಆ ಒಂದು ಕಣ್ಣು ಹೋಗುವಷ್ಟರಲ್ಲಿ ಅವನ ಗಡ್ಡವೆಲ್ಲ ಒದ್ದೆಯಾಗಿತ್ತು. ಬಲಗಣ್ಣಿಗೆ ಉಳಿ ಆನಿಸಿದ, ಕೈ ಏಳಲಿಲ್ಲ.

ಭಿಕ್ಷುಗಳು ಅಂಚಿನಿಂದ ಬಗ್ಗಿ ಅದನ್ನೇ ನೋಡುತ್ತಿದ್ದರು. "ಆಚಾರಿ, ಒಂದು ಕಣ್ಣಿನ ದೋಣಿ ಉಂಟೇ?" ಎಂದು ಕೇಳಿದರು.

"ಇಲ್ಲೆ ಭಂತೇ."

"ಹಾಗಾದರೆ ಸಾಕು. ಅದನ್ನು ನಿನಗೆಂದು ಬಿಡು" ಎಂದು ಏಣಿ ಇಳಿದು ಬಂದರು.

ಅಂದಿನಿಂದ ಒಕ್ಕಣ್ಣಗುಡಿ ಎಂಬ ಹೆಸರು ನಿಂತಿತು ಎನ್ನುತ್ತಾರೆ. ಕಡಲ ಗಾಳಿಗೆ ಮರ ಎಷ್ಟು ಕಾಲ ತಾಳೀತು? ಹಲಗೆಗಳನ್ನು ಎಷ್ಟೋ ಸಲ ಬದಲಿಸಿದ್ದಾರೆ. ಕಡಲ ಬದಿಯ ಹಲಗೆ ಬದಲಿಸುವಾಗಲೆಲ್ಲ ಆಚಾರಿ ಮನೆತನದ ಹಿರಿಯನೊಬ್ಬ ಬಂದು ಮೊದಲು ಎರಡೂ ಕಣ್ಣು ಬರೆಯುತ್ತಾನೆ, ಆಮೇಲೆ ಎಡಗಣ್ಣನ್ನು ಕೆರೆದು ತೆಗೆಯುತ್ತಾನೆ. ಒಂದೇ ಬರೆದರೆ ಸುಣ್ಣ ಉಳಿಯುತ್ತದಲ್ಲ ಎಂದು ಬುದ್ಧಿ ಹೇಳಿದವರೂ ಇದ್ದಾರೆ. ನೀವು ಹೋದರೆ ಬಲಗಣ್ಣು ಕಡಲನ್ನು ನೋಡುತ್ತಿರುವುದು ದೂರದಿಂದಲೇ ಕಾಣುತ್ತದೆ. ಎಡಗಡೆಯದನ್ನು ಹತ್ತಿರ ಹೋಗಿ ಬೆರಳಾಡಿಸಿ ನೋಡಬೇಕು. ಈಗಿನ ಹಲಗೆಯಲ್ಲೂ ಅಂಚಿನಲ್ಲಿ ಉಳಿಯ ಏಟು ಆಳವಾಗಿದೆ. ಕಣ್ಣಿನ ಕರಿಗುಡ್ಡೆಯ ಹತ್ತಿರ ಬರುತ್ತ ಬರುತ್ತ ಬರೀ ಗೀರು.