ಗಡಿಕಲ್ಲು ಕೊಟ್ಟ ಸಲಹೆ

ಪಟ್ಟಣದ ಚರಂಡಿ ತನ್ನ ನೀರನ್ನು ಊರಾಚೆ ಬಿಡುತ್ತಿತ್ತು. ಪಕ್ಕದ ಹಳ್ಳಿಯ ಚರಂಡಿಯೂ ಊರಾಚೆಗೇ ಬಿಡುತ್ತಿತ್ತು. ಇಬ್ಬರಿಗೂ ಊರಾಚೆ ಎಂದರೆ ಒಂದೇ ಜಾಗ, ನೀಲವ್ವನ ಗುಡಿಸಲ ಮುಂದಿನ ಗಡಿಕಲ್ಲು.

"ಮಳೆಗಾಲ ಹತ್ತಿರ ಬಂತು. ಇಬ್ಬರೂ ಕೂತು ಮಾತಾಡಿ, ಇಲ್ಲಿಂದ ಹಳ್ಳದವರೆಗೆ ಒಂದು ಕಾಲುವೆ ತೋಡಿಸಿಕೊಳ್ಳಿ," ಎಂದಿತು ಗಡಿಕಲ್ಲು.

"ಹಳ್ಳಿ ಹೇಗೂ ನಮಗೆ ಸೇರಲಿದೆ. ಸೇರುವವರ ಜತೆ ಮಾತೇನು?" ಎಂದಿತು ಪಟ್ಟಣದ ಚರಂಡಿ.

"ಸೇರಿದ ಮೇಲೆ ತೋಡುವುದು ಪಟ್ಟಣದವರ ಕೆಲಸ. ಈಗಲೇ ನಾವೇಕೆ ಮೈ ನೋಯಿಸಿಕೊಳ್ಳಬೇಕು?" ಎಂದಿತು ಹಳ್ಳಿಯ ಚರಂಡಿ.

ಹಳ್ಳಿಯನ್ನು ಪಟ್ಟಣಕ್ಕೆ ಸೇರಿಸಿ ಆದೇಶ ಬಂತು. ಮರುದಿನ ಮಳೆಯೂ ಬಂತು. ಎರಡೂ ಕಡೆಯ ನೀರು ಒಂದಾಗಿ ಗುಡಿಸಲಿಗೆ ನುಗ್ಗಿ, ನೀಲವ್ವನ ಒಲೆ ಮುಳುಗಿತು. ಅವಳು ಹಾರೆ ಹಿಡಿದು ಹೊರಬಂದು, "ಯಾರದಿದು ನೀರು?" ಎಂದಳು.

ಚರಂಡಿಗಳು ಮೊದಲ ಬಾರಿಗೆ ಒಂದೇ ಮಾತು ಆಡಿದವು. "ನೀರು ನಮ್ಮದೇ, ತಾಯಿ. ತಪ್ಪು ಈ ಕಲ್ಲಿನದು. ಗಡಿಯೇ ಇಲ್ಲದ ಮೇಲೂ ಅಡ್ಡ ನಿಂತಿದೆ."

ನೀಲವ್ವ ಕಲ್ಲನ್ನು ಮೀಟಿ ಕಿತ್ತಳು. ನೀರು ಕದಲಲಿಲ್ಲ. ಅವಳು ಕಲ್ಲನ್ನು ಒಳಗೆ ಉರುಳಿಸಿಕೊಂಡು ಹೋಗಿ, ಅದರ ಮೇಲೆ ಒಲೆ ಹೂಡಿ ಅನ್ನಕ್ಕಿಟ್ಟಳು. ಎರಡು ಊರು ಒಂದಾದದ್ದರಿಂದ ಅವಳಿಗೆ ದಕ್ಕಿದ್ದು ಅದೊಂದು ಕಲ್ಲು.